ನಮ್ಮ ವಸಂತ ಬೆಳಗಿನ ಎರಡೂವರೆ ಗಂಟೆ

ನಿಮ್ಮ ಮನೆಯಲ್ಲೂ ಒಂದು ಸೈಕಲ್ ಇರಬಹುದು. ಮೆಟ್ಟಿಲಿನ ಕೆಳಗೋ, ತಾರಸಿಯ ನೀರಿನ ಟ್ಯಾಂಕಿನ ಪಕ್ಕದಲ್ಲೋ ಗಾಳಿ ಇಳಿದ ಟೈರುಗಳ ಮೇಲೆ ನಿಂತಿರುತ್ತದೆ. 2006-07ರಿಂದ ಹಲವು ವರ್ಷ ರಾಜ್ಯ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಆ ಸೈಕಲ್ ಮಗಳು ಹತ್ತನೇ ತರಗತಿ ಮುಗಿಸುವವರೆಗೆ ಓಡಿತು, ಆಮೇಲೆ ಮೂಲೆ ಸೇರಿತು. ಮಗ ಪಿಯುಸಿಗೆ ಹೋದ ಕೂಡಲೇ ಬೈಕ್ ಕೇಳಿದ. ಈಗ ಅದರ ಹ್ಯಾಂಡಲ್ ಮೇಲೆ ಒದ್ದೆ ಟವೆಲ್ ಒಣಗುತ್ತಿದೆ.

ಮಾರ್ಚ್ ಬಂದರೆ ನನ್ನ ಕ್ಲಿನಿಕ್ಕಿಗೆ ಬರುವವರ ದೂರುಗಳ ಧಾಟಿ ಬದಲಾಗುತ್ತದೆ. ಮೈ ಭಾರ, ಬೆಳಿಗ್ಗೆ ಏಳಲು ಮನಸ್ಸಿಲ್ಲ, ಮಂಡಿ ಹಿಡಿದುಕೊಂಡಿದೆ, ಸಕ್ಕರೆ ಇಳಿಯುತ್ತಿಲ್ಲ, ತಿಂಗಳ ಮುಟ್ಟು ಸರಿಯಾಗಿ ಆಗುತ್ತಿಲ್ಲ. ನಬ್ಝ್ ನೋಡಲು ಕೈ ಚಾಚುತ್ತಲೇ "ಒಂದು ಒಳ್ಳೆಯ ಮಾಜೂನ್ ಬರೆದುಕೊಡಿ, ಡಾಕ್ಟರ್ ಆಪಾ" ಎನ್ನುತ್ತಾರೆ. ಮಾಜೂನ್ ಬೇಕಾದವರಿಗೆ ಬರೆದುಕೊಡುತ್ತೇನೆ. ಆದರೆ ಹೆಚ್ಚಿನವರಿಗೆ ಹೇಳುವ ಮೊದಲ ಔಷಧಿ ಬೇರೆ: ಆ ಸೈಕಲ್ಲಿಗೆ ಗಾಳಿ ತುಂಬಿಸಿ, ವಾರಕ್ಕೆ ಎರಡು ಬೆಳಿಗ್ಗೆ ಹೊಳೆ ದಡಕ್ಕೆ ಹೋಗಿ. ನೀವೊಬ್ಬರೇ ಅಲ್ಲ, ಮನೆಯವರೆಲ್ಲರೂ. ಮನೆಯವರು ಎಂದರೆ ಹೆಂಗಸರೂ ಸೇರಿ.

ಇದು ಹೊಸ ಕಾಲದ ಫ್ಯಾಶನ್ ಅಲ್ಲ. ಯುನಾನಿ ವೈದ್ಯದಲ್ಲಿ ಆರೋಗ್ಯ ನಿಂತಿರುವುದೇ ಆರು ಅಗತ್ಯಗಳ ಮೇಲೆ. ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ನಾವು ಮೊದಲ ವರ್ಷದಲ್ಲೇ ಕಲಿಯುತ್ತೇವೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಮತ್ತು ಹೊರಹೋಗಬೇಕಾದದ್ದು. ಊಟದ ವಿಚಾರದಲ್ಲಿ ಹತ್ತು ಪ್ರಶ್ನೆ ಕೇಳುವ ರೋಗಿಗಳು ಉಳಿದ ಐದರ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಹೊಳೆ ದಡದಲ್ಲಿ ಒಂದು ಗಂಟೆ ಸೈಕಲ್ ತುಳಿದರೆ ಈ ಆರರಲ್ಲಿ ನಾಲ್ಕಾದರೂ ತಾವಾಗಿ ಸರಿಹೋಗುತ್ತವೆ. ಅಂದು ರಾತ್ರಿಯ ನಿದ್ರೆಯೂ ಮರುದಿನದ ಹೊಟ್ಟೆಯೂ ಅದಕ್ಕೆ ಸಾಕ್ಷಿ ಹೇಳುತ್ತವೆ.

ವಸಂತವೆಂದರೆ ಯಾವುದು ಎಂಬುದರಲ್ಲಿಯೂ ನಮ್ಮ ಹಳೆಯ ವೈದ್ಯರು ಬಹಳ ವ್ಯಾವಹಾರಿಕರು. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್ ಫಿತ್ ತಿಬ್' ಗ್ರಂಥದಲ್ಲಿ ಜ್ಯೋತಿಷಿಗಳ ಋತು ಬೇರೆ, ವೈದ್ಯರ ಋತು ಬೇರೆ ಎನ್ನುತ್ತಾರೆ. ವೈದ್ಯನಿಗೆ ವಸಂತವೆಂದರೆ ಚಳಿಗೆ ಹೊದಿಕೆಯೂ ಬೇಡ, ಸೆಕೆಗೆ ಬೀಸಣಿಗೆಯೂ ಬೇಡ, ಮರಗಳು ಚಿಗುರುತ್ತಿವೆ ಎನ್ನುವ ಕಾಲ. ಕ್ಯಾಲೆಂಡರ್ ನೋಡಬೇಕಿಲ್ಲ, ಮೈಯನ್ನು ಕೇಳಿದರೆ ಸಾಕು. ಈ ಅಳತೆಗೋಲನ್ನು ನಮ್ಮ ಮೈಸೂರು, ಮಂಡ್ಯದ ಕಡೆಗೆ ಹಿಡಿದು ನೋಡಿ. ಏಪ್ರಿಲ್ ಮಧ್ಯಾಹ್ನ ಇಲ್ಲಿ 34-35 ಡಿಗ್ರಿ ಬಿಸಿಲು. ಫ್ಯಾನ್ ಇಲ್ಲದೆ ಕೂರಲಾಗದು. ಅದು ವಸಂತವಲ್ಲ, ಬೇಸಿಗೆ. ಆದರೆ ಅದೇ ಏಪ್ರಿಲ್ಲಿನ ಬೆಳಿಗ್ಗೆ ಆರರಿಂದ ಎಂಟೂವರೆವರೆಗೆ? ಹೊದಿಕೆ ಬೇಡ, ಬೀಸಣಿಗೆ ಬೇಡ, ಹೊಂಗೆ ಎಣ್ಣೆ ಹಚ್ಚಿದಂತೆ ಹೊಳೆಯುವ ಎಲೆ ಬಿಟ್ಟಿರುತ್ತದೆ, ಬೇವು ಹೂವಾಗಿರುತ್ತದೆ. ಹಾಗಾಗಿ ನಮ್ಮ ನಾಡಿನ ವಸಂತ ಎರಡು ತಿಂಗಳಲ್ಲ, ದಿನಕ್ಕೆ ಎರಡೂವರೆ ಗಂಟೆ ಎಂಬುದು ನನ್ನ ಲೆಕ್ಕ.

ಇದೇ ಗ್ರಂಥದಲ್ಲಿ ವಸಂತದ ವ್ಯಾಯಾಮಕ್ಕೆ ಮಧ್ಯಾಹ್ನದ ಹೊತ್ತು ಒಳ್ಳೆಯದು ಎಂಬ ಸೂಚನೆಯೂ ಇದೆ. ಕೆಲವರು ಅದನ್ನು ಓದಿ ಬಂದು ಕೇಳುತ್ತಾರೆ. ಇಬ್ನ್ ಸೀನಾ ಹುಟ್ಟಿದ್ದು ಬುಖಾರಾದ ಬಳಿ, ಬದುಕಿದ್ದು ಹಮದಾನ್, ಇಸ್ಫಹಾನ್‌ಗಳಲ್ಲಿ. ಅಲ್ಲಿನ ಮಾರ್ಚಿಯಲ್ಲಿ ಬೆಳಗ್ಗೆ ಹಲ್ಲು ಕಟಕಟಿಸುವ ಚಳಿ. ಬೇಸಿಗೆಗೆ ಮಾತ್ರ ಹೊತ್ತನ್ನು ಮುಂಚಿತಗೊಳಿಸಿ ಎಂದು ಅವರೇ ಹೇಳಿದ್ದಾರೆ. ಊರಿನ ಹವೆ ನೋಡಿ ಚಿಕಿತ್ಸೆ ಮಾಡು ಎಂಬುದು ಅವರ ಪಾಠ. ಹಾಗಾಗಿ ನಮಗೆ ಫಜ್ರ್ ನಮಾಝ್ ಮುಗಿದ ಹೊತ್ತೇ ಸರಿ. ಆ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಗಂಡಸರು ಮಸೀದಿಯಿಂದ ಬಂದು ಚಹಾ ಕುಡಿದು ಮತ್ತೆ ಹಾಸಿಗೆಗೆ. ಹೆಂಗಸರು ಅಡುಗೆಮನೆಗೆ. ಮಕ್ಕಳ ಕೈಯಲ್ಲಿ ಮೊಬೈಲ್. ದಿನದ ಅತ್ಯುತ್ತಮ ಗಾಳಿ ಕಿಟಕಿಯ ಹೊರಗೇ ಉಳಿಯುತ್ತದೆ.

ಎಲ್ಲಿಗೆ ಹೋಗುವುದು? ಮೈಸೂರಿನವರಿಗೆ ನಾನು ಹೇಳುವ ಜಾಗ ಶ್ರೀರಂಗಪಟ್ಟಣ. ನಗರದಿಂದ ಸುಮಾರು 15 ಕಿ.ಮೀ. ಕಾವೇರಿ ಇಲ್ಲಿ ಎರಡಾಗಿ ಒಡೆದು, ಊರನ್ನು ನಡುವೆ ಇಟ್ಟುಕೊಂಡು, ಪೂರ್ವದ ತುದಿಯ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಹೊಸಬರು ಮೈಸೂರಿನಿಂದಲೇ ತುಳಿದುಕೊಂಡು ಹೋಗುವ ಸಾಹಸ ಬೇಡ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೋಗಳಿಗೂ ಸೈಕಲ್‌ನಂಥ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಬಸ್ಸು, ಲಾರಿಗಳ ಜೊತೆ ಹೆಣಗಾಡಬೇಕು. ನಾಲ್ಕು ಸೈಕಲ್ಲುಗಳನ್ನು ಒಂದು ಗೂಡ್ಸ್ ಆಟೋಗೆ ಹಾಕಿಸಿ ಕೋಟೆಯ ಬಳಿ ಇಳಿಸಿಕೊಳ್ಳಿ. ಎರಡು ಮನೆಯವರು ಸೇರಿದರೆ ಬಾಡಿಗೆಯೂ ಹಗುರ.

ಕೋಟೆಯೊಳಗಿನ ಮಸ್ಜಿದೆ ಆಲಾದ ಎರಡು ಮಿನಾರುಗಳ ಬಳಿಯಿಂದ ಹೊರಟು, ಟಿಪ್ಪು ಸುಲ್ತಾನರು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಬಾಗ್ ಹಾದು, ಗಂಜಾಮಿನ ಮೇಲೆ ಗುಂಬಝ್ ಮುಟ್ಟಿ, ಅಲ್ಲಿಂದ ಸಂಗಮಕ್ಕೆ ಹೋದರೆ ಎಲ್ಲ ಸೇರಿ ನಾಲ್ಕೈದು ಕಿ.ಮೀ. ಅಷ್ಟೆ. ಸಮತಟ್ಟಾದ ದಾರಿ. ಪ್ರವಾಸಿಗರ ಬಸ್ಸುಗಳು ಬರುವ ಮುಂಚೆ ರಸ್ತೆ ಖಾಲಿ. ಸುಲ್ತಾನರು ತಮ್ಮ ಬೇಸಿಗೆ ಅರಮನೆಯನ್ನು ಹೊಳೆ ದಡದ ತೋಟದಲ್ಲಿ ಕಟ್ಟಿಸಿದ್ದು ಸುಮ್ಮನೆ ಅಲ್ಲ ಎಂಬುದು ಏಳು ಗಂಟೆಗೆ ಆ ರಸ್ತೆಯಲ್ಲಿ ಹೋದವರಿಗೆ ತಾನಾಗಿ ಅರ್ಥವಾಗುತ್ತದೆ. ಹೊಳೆಯ ಮೇಲಿನಿಂದ ಬರುವ ಗಾಳಿ ಊರೊಳಗಿನ ಗಾಳಿಗಿಂತ ತಣ್ಣಗಿರುತ್ತದೆ. ಕುತ್ತಿಗೆಯ ಬೆವರು ಅಲ್ಲಿಯೇ ಆರುತ್ತದೆ.

ಸ್ವಲ್ಪ ಅಭ್ಯಾಸವಾದ ಮೇಲೆ ಪಶ್ಚಿಮ ದಿಕ್ಕಿಗೆ, ರಂಗನತಿಟ್ಟಿನ ಕಡೆಗೆ ಹೋಗಿ. 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. ಸಲೀಂ ಅಲಿಯವರು ಹಕ್ಕಿಗಳ ಗೂಡು ನೋಡಿ ಮೈಸೂರು ಮಹಾರಾಜರಿಗೆ ಹೇಳಿದ್ದರಿಂದ ಆದದ್ದು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಈ ತಿಂಗಳುಗಳಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮರಿಗಳಿಗೆ ಮೀನು ಹೊತ್ತು ತಲೆಯ ಮೇಲೆಯೇ ಹಾರಿಹೋಗುತ್ತವೆ. ಇತ್ತ ನಾಲೆಗಳ ಏರಿ ದಾರಿಗಳೂ ಇವೆ. ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆ ಎಲ್ಲ ಕನ್ನಂಬಾಡಿ ಅಣೆಕಟ್ಟಿಗಿಂತ ಹಳೆಯವು. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತ, ಕಬ್ಬು, ತೆಂಗು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಶಿವಮೊಗ್ಗದವರಿಗೆ ತುಂಗೆ ಇದೆ, ಹರಿಹರದವರಿಗೆ ತುಂಗಭದ್ರೆ, ಮಂಗಳೂರಿನವರಿಗೆ ನೇತ್ರಾವತಿ. ಹೊಳೆ ಇಲ್ಲದ ಊರಿನಲ್ಲಿ ಕೆರೆಯ ಏರಿಯಾದರೂ ಇರುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇದನ್ನು ಓದಿದ ಮನೆಗಳಲ್ಲಿ ಅಪ್ಪ, ಮಗ ಇಬ್ಬರೇ ಸೈಕಲ್ ಹತ್ತಿ ಹೋಗಿ, ಅಮ್ಮ, ಮಗಳು ಅವರು ಬರುವ ಹೊತ್ತಿಗೆ ಪರಾಠ ಬೇಯಿಸಿಡುವುದಾದರೆ ನಾನು ಬರೆದದ್ದರಲ್ಲಿ ಅರ್ಧ ವ್ಯರ್ಥ. ನನ್ನ ಕ್ಲಿನಿಕ್ಕಿನಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ, ಮಂಡಿನೋವು, ಪಿಸಿಓಡಿ ಎಂದು ಬರುವವರಲ್ಲಿ ಹೆಂಗಸರೇ ಹೆಚ್ಚು. ಅವರ ದಿನವನ್ನು ಕೇಳಿ ನೋಡಿ. ಬೆಳಗಿನಿಂದ ರಾತ್ರಿವರೆಗೆ ದುಡಿತ, ಆದರೆ ಆ ದುಡಿತವೆಲ್ಲ ಹತ್ತು ಅಡಿ ಜಾಗದಲ್ಲಿ. "ಇಡೀ ದಿನ ನಿಂತೇ ಇರ್ತೀನಿ, ಇನ್ನೇನು ವ್ಯಾಯಾಮ" ಎನ್ನುತ್ತಾರೆ. ನಿಂತಿರುವುದು ದಣಿವು, ಅದು ರಿಯಾಝತ್ ಅಲ್ಲ. ಉಸಿರು ಸ್ವಲ್ಪ ಹೆಚ್ಚಬೇಕು, ದೊಡ್ಡ ಮಾಂಸಖಂಡಗಳು ಲಯದಲ್ಲಿ ದುಡಿಯಬೇಕು. ಆಗಲೇ ರಕ್ತದ ಸಕ್ಕರೆಯನ್ನು ಅವು ಎಳೆದುಕೊಳ್ಳುತ್ತವೆ, ಇನ್ಸುಲಿನ್ ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಪಿಸಿಓಡಿ ಇರುವ ಹುಡುಗಿಯರಿಗೆ ಮಾತ್ರೆಯಷ್ಟೇ ಮುಖ್ಯ ಇದು. ಮಂಡಿನೋವಿನವರಿಗೆ ನಡಿಗೆಗಿಂತ ಸೈಕಲ್ ಹಿತ, ಏಕೆಂದರೆ ಮೈಯ ಭಾರವನ್ನು ಸೀಟು ಹೊರುತ್ತದೆ.

ಹೆಂಗಸರು ಸೈಕಲ್ ತುಳಿದರೆ ಗರ್ಭಕೋಶ ಜಾರುತ್ತದೆ ಎಂಬ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಇದಕ್ಕೆ ಆಧಾರವಿಲ್ಲ. ಗರ್ಭಕೋಶ ಜಾರುವುದು ಕಷ್ಟದ ಹೆರಿಗೆಗಳಿಂದ, ವಯಸ್ಸಿನಿಂದ, ವರ್ಷಗಟ್ಟಲೆ ಕೆಮ್ಮು, ಮಲಬದ್ಧತೆಯಿಂದ, ಭಾರ ಎತ್ತುವುದರಿಂದ. ತುಂಬಿದ ಇಪ್ಪತ್ತು ಲೀಟರ್ ನೀರಿನ ಕ್ಯಾನನ್ನು ಅತ್ತೆ, ಸೊಸೆಯರಿಂದಲೇ ಎತ್ತಿಸುವ ಮನೆಯವರು ಸೈಕಲ್ಲಿಗೆ ಮಾತ್ರ ಹೆದರುವುದು ನನಗೆ ಸೋಜಿಗ. ಈಗಾಗಲೇ ಆ ತೊಂದರೆ ಇರುವವರು ವೈದ್ಯರನ್ನು ಕೇಳಿ ಹತ್ತಬೇಕು. ಬಸುರಿಯರು ಬೇಡ, ಬಿದ್ದರೆ ಎಂಬ ಒಂದೇ ಕಾರಣಕ್ಕೆ. ಮುಟ್ಟಿನ ದಿನಗಳಲ್ಲಿ ಮನಸ್ಸಿದ್ದರೆ ಹೋಗಬಹುದು, ಹಲವರಿಗೆ ಸೊಂಟದ ನೋವು ಕಡಿಮೆಯೇ ಆಗುತ್ತದೆ.

ಇನ್ನೊಂದು ಭಯವನ್ನು ತಾಯಂದಿರು ಬಾಯಿಬಿಟ್ಟು ಹೇಳುವುದಿಲ್ಲ, ಸುತ್ತಿ ಬಳಸಿ ಕೇಳುತ್ತಾರೆ. ಮದುವೆಯಾಗಬೇಕಾದ ಹುಡುಗಿ, ಸೈಕಲ್ ತುಳಿದು ಏನಾದರೂ ಆದರೆ? ಅವರ ಮನಸ್ಸಿನಲ್ಲಿರುವ ಪೊರೆ ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಅದನ್ನು ನೋಡಿ ಹೆಣ್ಣಿನ ನಡತೆಯ ಬಗ್ಗೆ ಏನನ್ನೂ ಹೇಳಲು ಯಾವ ವೈದ್ಯರಿಂದಲೂ ಸಾಧ್ಯವಿಲ್ಲ. ಹದಿನೈದು ವರ್ಷದ ಹುಡುಗಿಯ ಕೈಯಿಂದ ಸೈಕಲ್ ಕಿತ್ತುಕೊಂಡು, ಇಪ್ಪತ್ತೈದಕ್ಕೆ ಅವಳನ್ನು ಬೊಜ್ಜು, ಥೈರಾಯ್ಡ್, ಮಕ್ಕಳಾಗಲಿಲ್ಲ ಎಂದು ಆಸ್ಪತ್ರೆಗೆ ಕರೆತರುವವರನ್ನು ನಾನು ನೋಡುತ್ತಲೇ ಇದ್ದೇನೆ. ಎಲ್ಲಕ್ಕೂ ಸೈಕಲ್ ಬಿಟ್ಟದ್ದೇ ಕಾರಣ ಎನ್ನಲಾರೆ. ಆದರೆ ಓಡುವ ವಯಸ್ಸಿನಲ್ಲಿ ಕೂರಿಸಿಟ್ಟ ದೇಹ ಅದರ ಬೆಲೆ ತೆಗೆದುಕೊಳ್ಳದೆ ಬಿಡುವುದಿಲ್ಲ.

ಐವತ್ತು ದಾಟಿದ ಒಬ್ಬ ಖಾಲಾ ಮಂಡಿನೋವಿಗೆಂದು ಬಂದಿದ್ದರು. ಸೈಕಲ್ ಎಂದ ಕೂಡಲೇ ನಕ್ಕುಬಿಟ್ಟರು. "ಚಿಕ್ಕವಳಿದ್ದಾಗ ಅಣ್ಣನ ಸೈಕಲ್ ಕದ್ದು ಹೊಳೆ ತನಕ ಹೋಗ್ತಿದ್ದೆ, ಈಗ ಜನ ಏನಂತಾರೆ?" ಎಂದರು. ಜನ ಏಳು ಗಂಟೆಗೆ ಮಲಗಿರುತ್ತಾರೆ ಖಾಲಾ ಎಂದೆ. ಈಗ ಸೊಸೆಯ ಜೊತೆ ಭಾನುವಾರ ಹೋಗುತ್ತಾರೆ. ಮಂಡಿ ಪೂರ್ತಿ ವಾಸಿಯಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ನೋವಿನ ಮಾತ್ರೆ ದಿನಕ್ಕೆರಡು ಇದ್ದದ್ದು ವಾರಕ್ಕೆರಡಕ್ಕೆ ಇಳಿದಿದೆ. ಅತ್ತೆ, ಸೊಸೆ ಮಾತಾಡಿಕೊಳ್ಳುವುದು ಹೆಚ್ಚಿದೆ ಎಂದು ಮಗ ಬೇರೆ ಹೇಳಿದರು.

ಉಡುಪಿನ ಪ್ರಶ್ನೆ ದೊಡ್ಡದಲ್ಲ. ನಡುವಿನ ಕಂಬಿ ತಗ್ಗಿರುವ ಲೇಡೀಸ್ ಸೈಕಲ್ ತೆಗೆದುಕೊಳ್ಳಿ. ಚೈನಿಗೆ ಪೂರ್ತಿ ಮುಚ್ಚುವ ಕವರ್, ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕದಂತೆ ಜಾಲರಿ ಹಾಕಿಸಿ. ಬುರ್ಖಾ ತೊಡುವವರು ಕಣಕಾಲಿಗಿಂತ ಮೇಲೆ ನಿಲ್ಲುವಂತೆ ಅಥವಾ ಮುಂದೆ ತೆರೆದಿರುವಂತೆ ಹೊಲಿಸಿಕೊಂಡು ಒಳಗೆ ಸಲ್ವಾರ್ ತೊಟ್ಟರೆ ಸಲೀಸು. ದುಪ್ಪಟ್ಟಾದ ತುದಿ ಎಂದೂ ಹಿಂದೆ ಹಾರಾಡಬಾರದು. ಅದು ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಅಪಾಯ. ಪಿನ್ ಮಾಡಿ ಒಳಗೆ ಸಿಕ್ಕಿಸಿ. ಬಟ್ಟೆ ಹತ್ತಿಯದಿರಲಿ, ತಿಳಿ ಬಣ್ಣದ್ದಿರಲಿ. ಮಕ್ಕಳಿಗೂ ನಿಮಗೂ ಹೆಲ್ಮೆಟ್ ಇರಲಿ.

ಸೀಟಿನ ಎತ್ತರವನ್ನು ಯಾರೂ ನೋಡುವುದಿಲ್ಲ. ಪೆಡಲ್ ತೀರ ಕೆಳಗಿರುವಾಗ ಮಂಡಿ ಸ್ವಲ್ಪವೇ ಬಾಗಿರಬೇಕು. ಕಾಲು ನೆಲಕ್ಕೆ ಪೂರ್ತಿ ಊರುವಂತೆ ಸೀಟನ್ನು ತಗ್ಗಿಸಿಕೊಂಡು ತುಳಿದರೆ ಮಂಡಿಚಿಪ್ಪಿನ ಮೇಲೆ ಒತ್ತಡ ಬಿದ್ದು, ವಾಸಿಯಾಗಬೇಕಾದ ಮಂಡಿ ಇನ್ನಷ್ಟು ನೋಯುತ್ತದೆ. "ಸೈಕಲ್ ತುಳಿದು ಮಂಡಿನೋವು ಬಂತು" ಎನ್ನುವವರನ್ನು ಮೊದಲು ಸೀಟಿನ ಎತ್ತರ ಕೇಳುತ್ತೇನೆ. ಹೊಸಬರು ಸಮತೋಲನ ಬರುವವರೆಗೆ ತಗ್ಗಿಸಿಕೊಳ್ಳಲಿ, ಆಮೇಲೆ ವಾರಕ್ಕೆ ಒಂದಿಷ್ಟು ಏರಿಸುತ್ತಾ ಹೋಗಲಿ.

ಎಷ್ಟು ತುಳಿಯಬೇಕು? ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಗತಿಯ ಚಟುವಟಿಕೆ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಎರಡು ಬೆಳಿಗ್ಗೆ ಹೊಳೆ ದಡದಲ್ಲಿ ಒಂದೊಂದು ಗಂಟೆ, ಉಳಿದ ಒಂದೆರಡು ದಿನ ಮನೆಯ ಬಳಿ ಚುರುಕು ನಡಿಗೆ ಆದರೆ ಲೆಕ್ಕ ತುಂಬಿತು. ಯಾವಾಗ ನಿಲ್ಲಿಸಬೇಕು ಎಂಬುದಕ್ಕೆ ಮಾತ್ರ ನನಗೆ ಕೈಗಡಿಯಾರಕ್ಕಿಂತ ಕಾನೂನ್ ಗ್ರಂಥದ ಗುರುತುಗಳೇ ಇಷ್ಟ. ಮುಖಕ್ಕೆ ರಂಗು ಏರುತ್ತಿದೆಯೇ, ಕೈಕಾಲಿನ ಚಲನೆ ಹಗುರವಾಗಿದೆಯೇ, ಅಂಗಾಂಗ ತುಂಬಿಕೊಂಡಂತೆ ಇದೆಯೇ, ಅಲ್ಲಿಯವರೆಗೆ ಮುಂದುವರಿಸಿ. ಬಣ್ಣ ಇಳಿದು, ಚಲನೆ ಭಾರವಾದರೆ ನಿಲ್ಲಿಸಿ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ತುಳಿಯುತ್ತಾ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ನಲವತ್ತು ದಾಟಿದವರಿಗೆ ತುಳಿಯುವಾಗ ಎದೆ ಬಿಗಿದರೆ, ಎಡಗೈಗೋ ದವಡೆಗೋ ನೋವು ಹರಿದರೆ ಅದನ್ನು ಗ್ಯಾಸ್ ಎಂದುಕೊಳ್ಳಬೇಡಿ. ಅಂದೇ ಹೃದಯದ ವೈದ್ಯರ ಬಳಿ ಹೋಗಿ.

ಒಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಬೇಕು. ಎಳೆಬಿಸಿಲಿನಲ್ಲಿ ವಿಟಮಿನ್ ಡಿ ಸಿಗುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಏಳು ಗಂಟೆಯ ಓರೆ ಬಿಸಿಲಿನಲ್ಲಿ ಅದನ್ನು ಉಂಟುಮಾಡುವ ಕಿರಣಗಳು ಬಹಳ ಕಡಿಮೆ. ಅದಕ್ಕೆ ಹತ್ತರ ನಂತರದ ಬಿಸಿಲು ಬೇಕು. ಹಾಗಾಗಿ ಡಿ ಕೊರತೆ ಇರುವವರು ಸೈಕಲ್ಲನ್ನು ನಂಬಿ ವೈದ್ಯರು ಕೊಟ್ಟ ಔಷಧಿ ಬಿಡಬೇಡಿ. ತಾರಸಿಯಲ್ಲಿ ಹತ್ತೂವರೆಗೆ ಸ್ವಲ್ಪ ಹೊತ್ತು ತೋಳು, ಮುಂಗಾಲಿಗೆ ಬಿಸಿಲು ಬಿಡಿ.

ಹೊಟ್ಟೆ ತುಂಬಿಸಿಕೊಂಡು ಹೊರಡಬೇಡಿ, ಪೂರ್ತಿ ಖಾಲಿಯಾಗಿಯೂ ಬೇಡ. ಎರಡು ಖರ್ಜೂರ, ಒಂದು ಲೋಟ ನೀರು ಸಾಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮದ ದಿನ ಡೋಸ್ ಹೇಗೆ ಎಂದು ತಮ್ಮ ವೈದ್ಯರನ್ನು ಮೊದಲೇ ಕೇಳಿರಬೇಕು, ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇಟ್ಟುಕೊಂಡಿರಬೇಕು. ಕೈ ನಡುಗಿ, ತಣ್ಣನೆ ಬೆವರಿ, ಕಣ್ಣು ಮಂಜಾದರೆ ಕೂಡಲೇ ಬಾಯಿಗೆ ಹಾಕಿಕೊಳ್ಳಲಿಕ್ಕೆ. ಮರಳಿದ ಮೇಲೆ ಒಂದು ಚಮಚ ಕಾಮಕಸ್ತೂರಿ ಬೀಜವನ್ನು ನೆನೆಸಿದ ನಿಂಬೆ ನೀರು, ಚಿಟಿಕೆ ಉಪ್ಪು. ಸಿಕಂಜಬೀನ್ ಮಾಡಿಕೊಳ್ಳುವವರು ಜೇನು, ಸಿರ್ಕಾ, ನೀರನ್ನು ಹದವಾಗಿ ಬೆರೆಸಿ ಸ್ವಲ್ಪವೇ ಕುಡಿಯಿರಿ, ಸಕ್ಕರೆ ಕಾಯಿಲೆಯವರಿಗೆ ಅದು ಬೇಡ. ನಮ್ಮ ಮನೆಗಳ ಕೆಂಪು ಶರಬತ್ತಿನ ಬಗ್ಗೆ ಕೇಳಬೇಡಿ. ಒಂದು ಗಂಟೆ ತುಳಿದು ಕರಗಿಸಿದ್ದನ್ನು ದೊಡ್ಡ ಲೋಟದಲ್ಲಿ ಹಿಂದಕ್ಕೆ ತುಂಬಿಸಿಕೊಳ್ಳುವ ಕೆಲಸ ಅದು. ಬಿರಿಯಾನಿ ಕಟ್ಟಿಕೊಂಡು ಹೋಗುವುದೂ ಅಷ್ಟೆ. ಪಿಕ್‌ನಿಕ್ ಬೇರೆ ದಿನ ಇಟ್ಟುಕೊಳ್ಳಿ.

ಈ ಪುಟದ ಹೆಸರಿನಲ್ಲಿ ಶುಚಿತ್ವವೂ ಇರುವುದರಿಂದ ಚರ್ಮದ ಬಗ್ಗೆ ಎರಡು ಮಾತು. ಮಾರ್ಚಿಯಿಂದ ಜೂನ್‌ವರೆಗೆ ತೊಡೆಸಂದಿನ ಗಜಕರ್ಣ, ನಮ್ಮವರು ದಾದ್ ಎನ್ನುವ ಕಾಯಿಲೆ, ಮನೆಮನೆಗೆ ಹರಡುತ್ತದೆ. ಬೆವರು ಹೀರಿದ ಬಟ್ಟೆಯಲ್ಲಿಯೇ ಹತ್ತು ಗಂಟೆವರೆಗೆ ಕುಳಿತು ಮೊಬೈಲ್ ನೋಡುವುದು ಅದಕ್ಕೆ ಆಮಂತ್ರಣ. ಬಂದ ಕೂಡಲೇ ಸ್ನಾನ ಮಾಡಿ, ಸಂದುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಒಳಬಟ್ಟೆ ಬದಲಿಸಿ. ಟವೆಲ್ ಒಬ್ಬೊಬ್ಬರಿಗೆ ಬೇರೆ ಬೇರೆ ಇರಲಿ. ಬಟ್ಟೆಗಳು ಬಿಸಿಲಿನಲ್ಲಿ ಒಣಗಲಿ. ದಾದ್ ಬಂದರೆ ಅಂಗಡಿಯವರು ಕೊಡುವ, ಎರಡೇ ದಿನಕ್ಕೆ ತುರಿಕೆ ನಿಲ್ಲಿಸುವ ಮುಲಾಮನ್ನು ಹಚ್ಚಬೇಡಿ. ಅಂಥವುಗಳಲ್ಲಿ ಹಲವಕ್ಕೆ ಸ್ಟೆರಾಯ್ಡ್ ಬೆರೆಸಿರುತ್ತಾರೆ. ತುರಿಕೆ ನಿಂತಂತಾಗಿ ಶಿಲೀಂಧ್ರ ಒಳಗೊಳಗೇ ಹರಡುತ್ತದೆ, ಆಮೇಲೆ ತಿಂಗಳುಗಟ್ಟಲೆ ಔಷಧಿ ತಿನ್ನಬೇಕಾಗುತ್ತದೆ.

ಹೊಳೆ ಸುಂದರ, ಆದರೆ ಅದರ ಜೊತೆ ಸಲಿಗೆ ಬೇಡ. ಪ್ರತಿ ಬೇಸಿಗೆಯಲ್ಲೂ ಪತ್ರಿಕೆಗಳಲ್ಲಿ ಈಜಲು ಇಳಿದು ಮುಳುಗಿದ ಮಕ್ಕಳ ಸುದ್ದಿ ಓದುತ್ತೇವೆ. ಒಬ್ಬನನ್ನು ಎಳೆಯಲು ಹೋಗಿ ಇನ್ನೊಬ್ಬ, ಅವನನ್ನು ಹಿಡಿಯಲು ಮತ್ತೊಬ್ಬ. ಸೈಕಲ್ ಸವಾರಿಗೆ ಹೋದವರು ನೀರಿಗೆ ಇಳಿಯಬಾರದು ಎಂಬ ನಿಯಮವನ್ನು ಮನೆಯಲ್ಲಿಯೇ ಹೇಳಿ ಹೊರಡಿ. ನಾಲೆ ಇನ್ನೂ ಮೋಸದ್ದು. ಸಿಮೆಂಟು ಹಾಕಿದ ಇಳಿಜಾರು ಪಾಚಿಗಟ್ಟಿರುತ್ತದೆ, ಬಿದ್ದವರಿಗೆ ಹತ್ತಿ ಬರಲು ಹಿಡಿತ ಸಿಗದು. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಮಂದಿ ಜೀವ ಕಳೆದುಕೊಂಡದ್ದನ್ನು ಈ ಭಾಗದವರು ಮರೆತಿಲ್ಲ. ತಡೆಗೋಡೆ ಇಲ್ಲದ ಏರಿಯ ಮೇಲೆ ಜೋಡಿಯಾಗಿ ಹೋಗಬೇಡಿ, ಒಬ್ಬರ ಹಿಂದೆ ಒಬ್ಬರು, ನೀರಿನ ಕಡೆಗೆ ದೊಡ್ಡವರು. ಹತ್ತು ವರ್ಷದೊಳಗಿನ ಮಕ್ಕಳನ್ನು ನಾಲೆ ಏರಿಗೆ ಕರೆದೊಯ್ಯಲೇಬೇಡಿ. ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳು ಎದುರಾದರೆ ಇಳಿದು ನಿಲ್ಲುವುದೇ ಕ್ಷೇಮ. ಎರಡು ಟ್ರೈಲರ್ ಎಳೆಯುವ ಚಾಲಕನಿಗೆ ಹಿಂದಿನದು ಎತ್ತ ವಾಲುತ್ತದೆ ಎಂದು ಕಾಣುವುದಿಲ್ಲ. ಉಬ್ಬಸ ಇರುವವರು ಕಬ್ಬಿನ ತರಗು ಸುಡುವ ಗದ್ದೆಗಳ ದಾರಿ ಬಿಡಬೇಕು, ಇನ್ಹೇಲರ್ ಜೊತೆಗಿರಬೇಕು. ದಡದ ಪಾರ್ಥೇನಿಯಂ ಗಿಡವನ್ನು ಮಕ್ಕಳು ಬಿಳಿ ಹೂವೆಂದು ಕಿತ್ತರೆ ಕೈ ತೊಳೆಸಿ. ಮೂಗು ಸೋರುವುದೂ ಚರ್ಮ ಕೆರೆಯುವುದೂ ಹಲವರಿಗೆ ಅದರಿಂದಲೇ.

ನಾಯಿಗಳ ಬಗ್ಗೆ ನಮ್ಮವರಿಗೇ ಒಂದು ಮಾತು ಹೇಳಬೇಕು. ಊರ ಹೊರಗಿನ ನಾಲೆ, ಹೊಳೆಗಳ ಬದಿಯಲ್ಲಿ ಮುಂಜಾನೆ ಚೀಲ ಬಿಚ್ಚಿ ಕೋಳಿ ಅಂಗಡಿಯ ಕಸ ಸುರಿದು ಹೋಗುವವರು ಯಾರು? ಎಲ್ಲ ಸಮುದಾಯದವರೂ ಇದ್ದಾರೆ, ನಮ್ಮವರೂ ಇದ್ದಾರೆ. ಆ ಕಸ ತಿಂದು ಬೆಳೆದ ನಾಯಿಗಳ ಹಿಂಡೇ ಸೈಕಲ್ಲಿನ ಹಿಂದೆ ಓಡುವುದು, ಆ ಕಸದ ನೀರೇ ಹೊಳೆ ಸೇರುವುದು. ವುಝೂಗೆ ಶುದ್ಧ ನೀರು ಬೇಕು ಎನ್ನುವವರು ಹೊಳೆಗೆ ಕರುಳು ಸುರಿಯಬಾರದು. ನಿಮ್ಮ ಮೊಹಲ್ಲಾದ ಅಂಗಡಿಯವರಿಗೆ ಜುಮಾ ಮುಗಿದ ಮೇಲೆ ಪ್ರೀತಿಯಿಂದಲೇ ಹೇಳಿ, ಪುರಸಭೆಯ ಗಾಡಿಗೆ ಕೊಡುವ ವ್ಯವಸ್ಥೆ ಕೇಳಿ ಮಾಡಿಸಿ. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯದೆ, ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಿಧಾನವಾಗಿ ಸರಿಯಿರಿ. ಕಚ್ಚಿದರೆ, ಉಗುರು ಪರಚಿದರೂ ಸರಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ಪೂರ್ತಿ ಕೋರ್ಸ್ ತೆಗೆದುಕೊಳ್ಳಿ. ಅರಿಶಿನ, ಸುಣ್ಣ, ಮಂತ್ರಿಸಿದ ನೀರು ಎಂದು ಹೊತ್ತು ಕಳೆಯಬೇಡಿ. ನಾನು ಯುನಾನಿ ವೈದ್ಯೆಯಾಗಿಯೇ ಹೇಳುತ್ತೇನೆ, ರೇಬೀಸ್‌ಗೆ ನಮ್ಮ ಬಳಿ ಔಷಧಿ ಇಲ್ಲ. ಯಾರಾದರೂ ಇದೆ ಎಂದರೆ ಅವರಿಂದ ದೂರ ಇರಿ.

ಅಡುಗೆಮನೆಯ ಪ್ರಶ್ನೆ ಉಳಿಯಿತು. ಸೈಕಲ್ಲಿಗೆ ಹೋಗುವ ದಿನದ ನಾಶ್ತಾವನ್ನು ಹಿಂದಿನ ರಾತ್ರಿಯೇ ಮುಗಿಸಿಡಬಹುದು, ಅಥವಾ ಮರಳಿದ ಮೇಲೆ ಅವಲಕ್ಕಿ ಕಲೆಸಬಹುದು, ಕಲೆಸುವವರು ಅಪ್ಪನೂ ಆಗಬಹುದು. ಹೊಸ ಸೈಕಲ್ ಕೊಳ್ಳುವ ಅವಸರವಿಲ್ಲ. ಮೂಲೆಯಲ್ಲಿರುವುದಕ್ಕೆ ಎರಡು ಟ್ಯೂಬ್, ಬ್ರೇಕ್ ರಬ್ಬರ್, ಚೈನಿಗೆ ಎಣ್ಣೆ ಹಾಕಿಸಿದರೆ ಓಡುತ್ತದೆ. ಮೈಸೂರು ನಗರದೊಳಗೆ ಅಭ್ಯಾಸ ಮಾಡುವವರಿಗೆ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್‌ನ ಬಾಡಿಗೆ ಸೈಕಲ್ ಕೇಂದ್ರಗಳನ್ನೂ ವಿಚಾರಿಸಬಹುದು. ಮೇ ತಿಂಗಳಲ್ಲಿ ಹೊರಡುವ ಹೊತ್ತು ಅದೇ ಇರಲಿ, ಮರಳುವ ಹೊತ್ತು ಎಂಟಕ್ಕೆ ಇಳಿಯಲಿ. ಮುಂಗಾರಿಗೆ ಮುಂಚಿನ ಮೊದಲ ಮಳೆ ಬಿದ್ದ ಮೇಲೆ ನಾಲೆ ಏರಿಯ ಮಣ್ಣು ಸೋಪಿನಂತೆ ಜಾರುತ್ತದೆ. ಎರಡು ದಿನ ಒಣಗಲು ಬಿಟ್ಟು ಆಮೇಲೆ ಹೋಗಿ, ಅಲ್ಲಿಯವರೆಗೆ ಗುಂಬಝ್ ಕಡೆಯ ಡಾಂಬರು ರಸ್ತೆ ಸಾಕು.